ಕಡೆಯವರು ಯಾರು?

ಅರಿವಳಿಕೆ ಕೊಡುವ ಡಾಕ್ಟರರಿಗೆ ಮಗುವಿನ ಅಪ್ಪನ ಬಾಲ್ಯವೂ ಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮೊಮ್ಮಗಳ ಟಾನ್ಸಿಲ್, ಅಡಿನಾಯ್ಡ್ ಎರಡನ್ನೂ ಒಟ್ಟಿಗೇ ತೆಗೆಯುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಮುಂಚಿನ ತಪಾಸಣೆಯಲ್ಲಿ ಆಕೆ ಕೇಳಿದರಂತೆ: ಮನೆಯಲ್ಲಿ ಯಾರಿಗಾದರೂ ಆಪರೇಷನ್ ಹೊತ್ತಿಗೆ ತೊಂದರೆ ಆದದ್ದುಂಟೇ? ಕೆಲವು ಮದ್ದುಗಳು ಕೆಲವು ಮನೆತನದವರ ಮೈಗೆ ಒಗ್ಗುವುದಿಲ್ಲ. ಮೈಕಾವು ಒಮ್ಮೆಲೇ ಏರಿಬಿಡುವುದೋ, ಆಪರೇಷನ್ ಮುಗಿದರೂ ಸ್ವಂತ ಉಸಿರು ಮರಳಲು ತಡವಾಗುವುದೋ ರಕ್ತಸಂಬಂಧದಲ್ಲೇ ಇಳಿದು ಬರುವ ಗುಣವಂತೆ. ಮಗ ದುಬೈಯಲ್ಲಿ. ಸೊಸೆ ಅವನನ್ನು ಕೇಳಿದರೆ "ನನಗೆ ಎಂತ ನೆನಪುಂಟು, ಅಮ್ಮನ ಹತ್ರ ಕೇಳು" ಎಂದ.

"ಅತ್ತೆ, ಇವರಿಗೆ ಸಣ್ಣದಿರುವಾಗ ಹರ್ನಿಯಾ ಆಪರೇಷನ್ ಆದದ್ದಲ್ದಾ? ಆಗ ಎಂತ ಮದ್ದು ಕೊಟ್ಟದ್ದು?"

ಟ್ರಂಕಿನ ತಳದಲ್ಲಿ ಡಿಸ್ಚಾರ್ಜ್ ಕಾರ್ಡು ಸಿಕ್ಕಿತು. 1989ರ ಏಪ್ರಿಲ್. ಮಡಿಕೆಯಲ್ಲಿ ಹರಿದು ಎರಡಾಗಿತ್ತು. ಯಾವ ಮದ್ದು ಎಂಬಲ್ಲಿ 'ಜಿ.ಎ.' ಎಂಬ ಎರಡಕ್ಷರ ಬಿಟ್ಟರೆ ಮತ್ತೇನೂ ಇಲ್ಲ. ಎಚ್ಚರ ತಪ್ಪಿಸಿದರು, ಎಚ್ಚರವಾಯಿತು ಎಂದಷ್ಟೇ ಅರ್ಥ. ಸೊಸೆಗೆ ಅದನ್ನೇ ಹೇಳಿದೆ. ಡಾಕ್ಟರರಿಗೂ ಅಷ್ಟು ಸಾಕಾಯಿತಂತೆ. ನನಗೆ ಮಾತ್ರ ಸಾಕಾಗಲಿಲ್ಲ. ಕಾರ್ಡಿನ ಕೆಳಗೆ, ರೋಗಿಯ ಕಡೆಯವರು ಎಂಬ ಜಾಗದಲ್ಲಿ, ನನ್ನ ಅಣ್ಣಯ್ಯನ ಸಹಿ ಇತ್ತು.

ಆಗ ನಾನು ಬೈಂದೂರಿನ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬೈಂದೂರು ಆಗಿನ್ನೂ ತಾಲೂಕು ಆಗಿರಲಿಲ್ಲ, ಉಡುಪಿ ಜಿಲ್ಲೆಯೂ ಆಗಿರಲಿಲ್ಲ. ಜಿಲ್ಲೆ ಆದದ್ದು 1997ರಲ್ಲಿ. ನಾವೆಲ್ಲ ಕುಂದಾಪುರ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಗಂಡ ಬೊಂಬಾಯಿಯಲ್ಲಿ, ಹೋಟೆಲಿನಲ್ಲಿ. ನಮ್ಮ ಊರಿನ ಅರ್ಧ ಗಂಡಸರು ಬೊಂಬಾಯಿಯ ಹೋಟೆಲುಗಳಲ್ಲಿ, ಉಳಿದರ್ಧ ಬೆಂಗಳೂರಿನ ಹೋಟೆಲುಗಳಲ್ಲಿ ಎಂದು ನಾವೇ ತಮಾಷೆ ಮಾಡುತ್ತಿದ್ದೆವು. ಊರಿಗೆ ಬರುವುದು ವರ್ಷಕ್ಕೊಮ್ಮೆ, ಜಾತ್ರೆಗೋ ಮದುವೆಗೋ. ಕೊಂಕಣ ರೈಲು ಕನಸಾಗಿದ್ದ ಕಾಲ. ಬಸ್ಸು ಹತ್ತಿದರೆ ರಾತ್ರಿ ಕಳೆದು ಮರುದಿನವೂ ಬಸ್ಸಿನಲ್ಲೇ.

ಮಗನಿಗೆ ನಾಲ್ಕು ವರ್ಷ. ಅತ್ತಾಗ, ಕೆಮ್ಮಿದಾಗ ಬಲತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಊತ ಏಳುತ್ತಿತ್ತು, ಮಲಗಿದರೆ ಇಳಿಯುತ್ತಿತ್ತು. ಹಿರಿಯರು ಅಂಡವಾಯು ಎಂದರು. ಕಾರಣವನ್ನೂ ಅವರೇ ಕೊಟ್ಟರು: ತಾಯಿ ಶಾಲೆಗೆ ಹೋಗುತ್ತಾಳೆ, ಮಗು ಅತ್ತು ಅತ್ತು ಕರುಳು ಇಳಿದಿದೆ. ಅತ್ತೆ ಹೇಳಿದರು, ಪಕ್ಕದ ಮನೆಯವರು ಹೇಳಿದರು, ಹಳ್ಳಿಮದ್ದು ಕೊಡುವಾತನೂ ಹೇಳಿ ಒಂದು ಲೇಪ ಕೊಟ್ಟ. ನಾನು ನಂಬಿದೆ. ನಂಬದಿರಲು ನನ್ನ ಬಳಿ ಇದ್ದ ಓದು ಸಾಲದು.

ಆ ಲೇಪದಿಂದ ಏನೂ ಆಗುವುದಿಲ್ಲ ಎಂದು ಕುಂದಾಪುರದ ಡಾಕ್ಟರರು ಹೇಳಿದರು. ಊತ ಒಂದು ದಿನ ಇಳಿಯದೆ ಸಿಕ್ಕಿಕೊಂಡರೆ ಕರುಳಿಗೆ ರಕ್ತ ಹೋಗದೆ ಜೀವಕ್ಕೇ ಅಪಾಯ, ತಡಮಾಡಬೇಡಿ ಎಂದು ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ದೊಡ್ಡಾಸ್ಪತ್ರೆ ಎಂದರೆ ನಮಗೆ ದಕ್ಷಿಣದ ದಿಕ್ಕು: ಉಡುಪಿ, ಮಣಿಪಾಲ, ಮಂಗಳೂರು. ನಾವು ಯಾವುದಕ್ಕೆ ಹೋದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದು ಆಗ ಎಲ್ಲೂ ನಡೆಯಬಹುದಾಗಿದ್ದದ್ದೇ.

ದಾಖಲು ಮಾಡಿಸುವ ಕಿಟಕಿಯಲ್ಲಿ ಗುಮಾಸ್ತರು ತಲೆ ಎತ್ತದೆ ಕೇಳಿದರು.

"ಮಗುವಿನ ತಂದೆ?"

"ಬೊಂಬಾಯಿ."

"ಆಪರೇಷನ್ ಕಾಗದಕ್ಕೆ ಸಹಿ ಯಾರದ್ದು?"

"ನಾನೇ ಹಾಕ್ತೇನೆ."

"ತಂದೆ ಇಲ್ಲದಿದ್ರೆ ಗಂಡಸರು ಯಾರಾದ್ರೂ ಬರಲಿ. ನಾಳೆ ಬೆಳಿಗ್ಗೆ ಏಳರೊಳಗೆ. ಇಲ್ಲದಿದ್ರೆ ಲಿಸ್ಟಿಂದ ತೆಗೀತಾರೆ."

ಬೈದು ಹೇಳಿದ್ದಲ್ಲ. ಬಸ್ಸಿನ ಸಮಯ ಹೇಳುವಂತೆ ಹೇಳಿದರು. ನಾನು ದಿನಾ ಹಾಜರಿ ಪುಸ್ತಕಕ್ಕೆ ಸಹಿ ಹಾಕುವವಳು. ನನ್ನ ಸಹಿ ಬಿದ್ದರೆ ಒಂದು ತರಗತಿಯ ಮಕ್ಕಳು ಪಾಸಾಗಿ ಮುಂದಿನ ತರಗತಿಗೆ ಹೋಗುತ್ತಿದ್ದರು. ಹೇಳಲು ಹೊರಟೆ, ಹಿಂದಿನ ಸಾಲಿನವರು ಕಿಟಕಿಗೆ ಕೈ ಚಾಚಿಯಾಗಿತ್ತು.

ವಾರ್ಡಿನ ಪಕ್ಕದ ಮಂಚದಲ್ಲಿ ಗಂಗೊಳ್ಳಿಯ ಹೆಂಗಸು, ಮೀನು ಮಾರುವಾಕೆ. ಕೈ ಸುಟ್ಟುಕೊಂಡ ಮಗಳೊಂದಿಗೆ ಬಹಳ ದಿನದಿಂದ ಅಲ್ಲಿದ್ದವಳು. ವಾರ್ಡಿನ ಕಾನೂನೆಲ್ಲ ಅವಳಿಗೆ ಬಾಯಿಪಾಠ. ನನ್ನ ಮುಖ ನೋಡಿಯೇ ಸಂಗತಿ ತಿಳಿದುಕೊಂಡಳು. ಊಟ ತಂದುಕೊಟ್ಟು ಹೊರಟಿದ್ದ ತನ್ನ ತಮ್ಮನನ್ನು ಕರೆದು, "ಹೆಮ್ಮಾಡಿಗೆ ಒಂದ್ ಸುದ್ದಿ ಮುಟ್ಸ್ಕ್ ಮಾರಾಯ" ಎಂದಳು. ಆತ ಸಂಜೆಯ ಬಸ್ಸಿನ ಕಂಡಕ್ಟರಿಗೆ ಹೇಳಿದ. ಕಂಡಕ್ಟರು ಹೆಮ್ಮಾಡಿ ಸರ್ಕಲಿನ ಅಂಗಡಿಗೆ ಹೇಳಿದರು. ಅಂಗಡಿಯವರು ಹುಡುಗನೊಬ್ಬನನ್ನು ಸೈಕಲಿನಲ್ಲಿ ಓಡಿಸಿದರು. ಸೇವಂತಿಗೆ ಗದ್ದೆಯ ಬದಿಯ ನಮ್ಮ ತವರುಮನೆಗೆ ಸುದ್ದಿ ಮುಟ್ಟುವಾಗ ರಾತ್ರಿ ಊಟಕ್ಕೆ ಮಣೆ ಹಾಕಿತ್ತಂತೆ. ಈ ನಾಲ್ವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಕಂಡಕ್ಟರರು ಸುದ್ದಿಗೂ ಟಿಕೇಟು ಹರಿಯುತ್ತಿದ್ದರೆ ಬಡ್ತಿಯಾದರೂ ಸಿಗುತ್ತಿತ್ತು.

ಅದೇ ರಾತ್ರಿ ಒಬ್ಬ ಹೌಸ್ ಸರ್ಜನ್ ಬಂದ. ಉತ್ತರದ ಕಡೆಯ ಹುಡುಗ, ಮೀಸೆ ಸರಿಯಾಗಿ ಬಂದಿರಲಿಲ್ಲ. ಹರಕು ಕನ್ನಡದಲ್ಲಿ ಹುಟ್ಟಿದಾಗಿನಿಂದ ಎಲ್ಲ ಕೇಳಿದ. ತಿಂಗಳು ತುಂಬಿ ಹುಟ್ಟಿದ್ದೇ, ಹುಟ್ಟಿದ ಕೂಡಲೇ ಅತ್ತನೇ, ಊತ ಮೊದಲು ಕಂಡದ್ದು ಯಾವಾಗ, ಯಾವ ಬದಿ, ವಾಂತಿ ಆಗಿತ್ತೇ, ಚುಚ್ಚುಮದ್ದು ಎಲ್ಲ ಆಗಿದೆಯೇ. ಒಂದೊಂದಕ್ಕೂ ತಾರೀಖು ಸಮೇತ ಹೇಳಿದೆ. ಕೊನೆಗೆ ನಾನೇ ಕೇಳಿದೆ, ಅತ್ತದ್ದರಿಂದ ಹೀಗಾಯಿತೇ ಎಂದು.

ಅವನು ಕೇಸ್ ಪೇಪರನ್ನು ಮಗುಚಿ ಬಾಲ್ ಪೆನ್ನಿನಲ್ಲಿ ಒಂದು ಚಿತ್ರ ಬಿಡಿಸಿದ. ಗಂಡುಮಗು ಬಸಿರಿನಲ್ಲಿರುವಾಗ ಬೀಜ ಹೊಟ್ಟೆಯೊಳಗಿಂದ ಕೆಳಕ್ಕಿಳಿಯುತ್ತದೆ. ಅದು ಇಳಿಯುವ ದಾರಿ ಆಮೇಲೆ ತಾನಾಗಿ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಮುಚ್ಚುವುದಿಲ್ಲ, ಬಲಬದಿಯಲ್ಲೇ ಹೆಚ್ಚು. ಆ ದಾರಿಯಲ್ಲಿ ಕರುಳು ಜಾರುತ್ತದೆ. "ಅಳು ಇಲ್ಲ ಅಮ್ಮಾ, ಬಾಗಿಲು. ಹುಟ್ಟುವಾಗಲೇ ತೆರೆದು ಇತ್ತು. ನಾಳೆ ನಾವು ಬಾಗಿಲು ಹಾಕ್ತದೆ." ಅವನ ಕನ್ನಡಕ್ಕೆ ನಾನು ನಕ್ಕೆ. ಆಮೇಲೆ ಸೆರಗು ಬಾಯಿಗೆ ಹಿಡಿದುಕೊಂಡೆ. ವರ್ಷಗಟ್ಟಲೆ ಹೊತ್ತಿದ್ದ ಅಪವಾದವನ್ನು ಆ ಹುಡುಗ ಎರಡು ಗೆರೆಯಲ್ಲಿ ಇಳಿಸಿಬಿಟ್ಟಿದ್ದ.

ಅವನು ಮತ್ತೆ ಕಾಗದ ಮಗುಚಿ ಬರೆಯುವಾಗ ನಾನು ಬಗ್ಗಿ ಓದಿದೆ. ಇನ್‌ಫಾರ್ಮೆಂಟ್: ಮದರ್. ಅದರ ಮುಂದೆ, ರಿಲಯಬಲ್. ಮಾಹಿತಿ ಕೊಟ್ಟವರು ತಾಯಿ, ನಂಬಲರ್ಹ. ಅದೇ ಫೈಲಿನ ಮೊದಲ ಹಾಳೆಯಲ್ಲಿ ಸಹಿಯ ಜಾಗ ಖಾಲಿ ಇತ್ತು.

ಅಣ್ಣಯ್ಯ ಮೊದಲ ಬಸ್ಸಿಗೇ ಬಂದ. ಕತ್ತಲಲ್ಲಿ ಹೆಮ್ಮಾಡಿ ಬಿಟ್ಟು, ಸಂಗಮ ಸೇತುವೆ, ಕೋಟೇಶ್ವರ, ಕುಂಭಾಶಿ, ತೆಕ್ಕಟ್ಟೆ, ಕೋಟ, ಸಾಲಿಗ್ರಾಮ, ಮಾಬುಕಳ, ಬ್ರಹ್ಮಾವರ. ಆಗ ಹೆದ್ದಾರಿ ಎಂದರೆ ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗಿಳಿಯುವ ರಸ್ತೆ. ಈಗ ನಾಲ್ಕು ಪಥ, ಸಾಸ್ತಾನದಲ್ಲಿ ಟೋಲು. ಕುಂದಾಪುರದ ಶಾಸ್ತ್ರಿ ಸರ್ಕಲಿನ ಮೇಲ್ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತು ನಮ್ಮ ತಾಳ್ಮೆ ನೋಡಿದ್ದೂ ಆಯಿತು. ಕೋಟದಲ್ಲಿ ರಸ್ತೆ ಬದಿಗೇ ಅಮೃತೇಶ್ವರಿಯ ಗುಡಿ. ಹಲವು ಮಕ್ಕಳ ತಾಯಿ ಎಂದೇ ಅವಳಿಗೆ ಹೆಸರು. ಅಷ್ಟು ಮಕ್ಕಳಲ್ಲಿ ಒಂದಕ್ಕೆ ಹರ್ನಿಯಾ ಆಗಿದ್ದರೆ ಆ ಕಿಟಕಿಯಲ್ಲಿ ಅವಳಿಗೂ ಯಜಮಾನರನ್ನು ಕರಕೊಂಡು ಬನ್ನಿ ಎನ್ನುತ್ತಿದ್ದರೋ ಏನೋ ಎಂದು ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋಗುವಾಗ ಅನ್ನಿಸಿದ್ದುಂಟು.

ಅಣ್ಣಯ್ಯ ಕಿಟಕಿಯಲ್ಲಿ ಸುಮ್ಮನೆ ಸಹಿ ಹಾಕಲಿಲ್ಲ. "ಹೆತ್ತಬ್ಬಿ ಇಲ್ಲೇ ಇತ್ತಲ್ದಾ, ನಾ ಎಂತಕೆ?" ಎಂದ. ಗುಮಾಸ್ತರು ಹೆಬ್ಬೆರಳಿನಿಂದ ಗಡಿಯಾರ ತೋರಿಸಿದರು. ಸಹಿ ಹಾಕಿದ. ಸಂಬಂಧ ಎಂಬಲ್ಲಿ 'ಸೋದರಮಾವ' ಎಂದು ದೊಡ್ಡದಾಗಿ ಬರೆದ.

ನಮ್ಮದು ಅಳಿಯಸಂತಾನದ ಮನೆ. ನಮ್ಮಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ, ಮನೆತನ ತಾಯಿಯದ್ದು. ಮಕ್ಕಳು ಅಪ್ಪನ ಕುಟುಂಬಕ್ಕಲ್ಲ, ತಾಯಿಯ ಕುಟುಂಬಕ್ಕೆ ಸೇರಿದವರು. ಮದ್ರಾಸ್ ಸರ್ಕಾರ 1949ರಲ್ಲಿ ಅದನ್ನು ಕಾಯಿದೆಯಾಗಿಯೂ ಬರೆದಿತ್ತು. 1956ರ ಹಿಂದೂ ಕಾನೂನುಗಳು ಬಂದ ಮೇಲೆ ಆಸ್ತಿಯ ಮಟ್ಟಿಗೆ ಅದು ಸಡಿಲವಾದರೂ ಪೂಜೆ, ಸೂತಕಗಳಲ್ಲಿ ಬಳಿ ಹಾಗೇ ಉಳಿಯಿತು. ಇದನ್ನು ಹೊಗಳಿಕೊಳ್ಳುವ ಚಾಳಿ ನಮ್ಮವರಿಗೆ ಬಹಳ. ಹೆಣ್ಣಿಗೆ ನಾವು ಕೊಟ್ಟ ಸ್ಥಾನ ನೋಡಿ ಎಂದು ವೇದಿಕೆಯಲ್ಲಿ ಭಾಷಣ ಮಾಡುತ್ತಾರೆ. ಯಜಮಾನಿಕೆ ಮಾತ್ರ ಹೆಚ್ಚಿನ ಕಡೆ ಮಾವನದ್ದೇ ಆಗಿತ್ತು ಎಂಬುದನ್ನು ಹೇಳುವುದಿಲ್ಲ. ಆ ಬೆಳಿಗ್ಗೆ ಕಿಟಕಿಯ ರೂಢಿಯೂ ನಮ್ಮ ಮನೆಯ ರೂಢಿಯೂ ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡವು. ತಂದೆ ಇಲ್ಲವೇ, ಮಾವ ಇದ್ದಾನೆ. ಇಬ್ಬರ ನಡುವೆ ಹೆತ್ತವಳು ಚೀಲ ಹಿಡಿದು ನಿಂತಿದ್ದಳು.

ಮಗುವಿಗೆ ಮಧ್ಯರಾತ್ರಿಯಿಂದ ಒಂದು ಗುಟುಕು ನೀರೂ ಇಲ್ಲ ಎಂದಿದ್ದರು. ಎಚ್ಚರ ತಪ್ಪಿದ ಹೊತ್ತಿಗೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದು ಎಂಬ ಕಾರಣಕ್ಕೆ. ಸರಿಯೇ. ಆದರೆ ಬೆಳಿಗ್ಗೆ ಯಾವುದೋ ಅಪಘಾತದ ಕೇಸು ಬಂದು ಪಟ್ಟಿ ಹಿಂದಕ್ಕೆ ಹೋಯಿತು. ಒಂಬತ್ತು ಎಂದದ್ದು ಮಧ್ಯಾಹ್ನವಾಯಿತು. ವಾರ್ಡಿನ ತುಂಬ ಇಡ್ಲಿ ಸಾಂಬಾರಿನ ವಾಸನೆ. ಮಗ ಮೊದಲು ಹಾಲು ಕೇಳಿದ, ಆಮೇಲೆ ನೀರು, ಆಮೇಲೆ ಏನೂ ಕೇಳದೆ ಗೋಡೆಗೆ ಮುಖ ಮಾಡಿ ಮಲಗಿದ. ಈಗ ನನ್ನ ಮೊಮ್ಮಗಳಿಗೆ ಕೊಟ್ಟ ಕನ್ನಡ ಹಾಳೆಯಲ್ಲಿ ಗಟ್ಟಿ ಆಹಾರಕ್ಕೆ 6 ಗಂಟೆ, ಬರೀ ನೀರಿಗೆ 2 ಗಂಟೆ ಎಂದು ಅಚ್ಚಾಗಿದೆ. ನೀರು ಹೊಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಂದರೆ ಆ ಬೆಳಿಗ್ಗೆ ಅವನಿಗೆ ನೀರಾದರೂ ಕೊಡಬಹುದಿತ್ತು. ಆಗಿನವರನ್ನು ದೂರುವುದಿಲ್ಲ, ಆಗ ಎಲ್ಲ ಕಡೆಯೂ ಅದೇ ಪಾಠ.

ಗಂಗೊಳ್ಳಿಯಾಕೆ ನನಗೆ ಬೈದಳು. "ನೀ ಉಣ್ದೆ ಇದ್ರೆ ಮಗಂಗ್ ಎಂತ ಲಾಭ ಮಾರಾಯ್ತಿ? ಹೋಯಿ ಒಂದ್ ಚಾ ಕುಡ್ಕಂಡ್ ಬಾ. ನಾ ಕಾಂತೆ ಇವನ್ನ." ನಾನು ಹೋಗಲಿಲ್ಲ. ಅವಳೇ ತನ್ನ ಲೋಟದಲ್ಲಿ ಅರ್ಧ ತಂದಳು. ಮಗನಿಗೆ ಕಾಣದ ಹಾಗೆ ಬಾಗಿಲ ಹಿಂದೆ ನಿಂತು ಕುಡಿದೆ.

ಕರೆ ಬಂದಾಗ ನರ್ಸು ಮಗುವಿನ ಮೈಮೇಲೆ ಏನೂ ಇರಬಾರದು ಎಂದರು. ಕೈಯ ಬಳೆ ತೆಗೆದೆ. ಸೊಂಟದ ಉಡಿದಾರದ ಗಂಟು ನೀರು ಕುಡಿದು ಬಿಗಿದಿತ್ತು, ಬಿಚ್ಚಲು ಬರಲಿಲ್ಲ. ನರ್ಸು ಕತ್ತರಿಯಿಂದ ಕತ್ತರಿಸಿ ನನ್ನ ಅಂಗೈಗೆ ಹಾಕಿದರು. ಕರಿನೂಲಿನ ತುಂಡು, ಅದರಲ್ಲಿ ಅತ್ತೆ ಕಟ್ಟಿಸಿದ್ದ ತಾಯಿತ. ನೂಲಿದ್ದಲ್ಲಿ ಸೊಂಟದ ಸುತ್ತ ಬಿಳಿಯ ಗೆರೆಯೊಂದು ಉಳಿದಿತ್ತು. ತೋಳಿಗೆ ಪ್ಲಾಸ್ಟರ್ ಅಂಟಿಸಿ ನಂಬರು, ಅವನ ಹೆಸರು, ಕೆಳಗೆ ಅಪ್ಪನ ಹೆಸರು ಬರೆದರು.

"ಅಮ್ಮ, ನೀನೂ ಒಳಗೆ ಬತ್ತಿಯಾ?"

"ಇಲ್ಲೇ ಇರ್ತೆ ಮಗಾ" ಎಂದೆ. ಬಾಗಿಲು ಎರಡು ಸಲ ಹಿಂದೆ ಮುಂದೆ ಆಡಿ ನಿಂತಿತು. ಮೊನ್ನೆ ಸೊಸೆ ಹಸಿರು ಗೌನು, ತಲೆಗೆ ಟೊಪ್ಪಿ ಹಾಕಿಕೊಂಡು ಮಗಳ ಜೊತೆಗೇ ಒಳಗೆ ಹೋದಳಂತೆ. ಮಾಸ್ಕು ಇಟ್ಟು ಮಗು ನಿದ್ದೆ ಹೋಗುವವರೆಗೆ ಕೈ ಹಿಡಿದು ಕತೆ ಹೇಳಿದಳಂತೆ. ಕೇಳಿ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚೂ ಆಯಿತು.

ಎಷ್ಟೋ ಹೊತ್ತಿನ ಮೇಲೆ ಒಬ್ಬ ಅಟೆಂಡರ್ ಹೊರಬಂದು ಹೆಸರು ಕೂಗಿ "ಇವರ ಕಡೆಯವರು ಯಾರು?" ಎಂದ. ಕೂಗಿದ್ದು ಗಂಡನ ಹೆಸರು. ಗಂಡ ಬೊಂಬಾಯಿಯಲ್ಲಿರುವಾಗ ಆ ಹೆಸರು ಆ ವರಾಂಡದಲ್ಲಿ ನನ್ನದೆಂದು ಹೊಳೆಯಲೇ ಇಲ್ಲ. ಎರಡನೇ ಸಲ ಕೂಗಿದಾಗ ಅಣ್ಣಯ್ಯ ಎದ್ದ. ಆಪರೇಷನ್ ಆಯಿತು, ಒಳ್ಳೆಯದಾಯಿತು ಎಂದು ಅವನಿಗೆ ಹೇಳಿದರು. ಅವನು ನನಗೆ ಹೇಳಿದ.

ಎಚ್ಚರವಾದಾಗ ಮಗ ಕೂಗಿದ ಕೂಗು ಇಡೀ ವಾರ್ಡಿಗೆ ಕೇಳಿತು. ಮಕ್ಕಳಿಗೆ ನೋವು ಬೇಗ ಮರೆತುಹೋಗುತ್ತದೆ ಎಂದು ಒಬ್ಬರು ಸಮಾಧಾನ ಮಾಡಿದರು. ಮಕ್ಕಳ ನೋವಿನ ಬಗ್ಗೆ ವೈದ್ಯಲೋಕವೇ ಹಾಗೆ ಹಗುರವಾಗಿ ಯೋಚಿಸುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು ಎಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಇಂದೋರಿನಲ್ಲಿ ಕಲಿತು ಆಕ್ಸ್‌ಫರ್ಡಿಗೆ ಹೋಗಿದ್ದ ಕನ್ವಲ್‌ಜೀತ್ ಆನಂದ್ ಎಂಬ ಡಾಕ್ಟರು, ದಿನ ತುಂಬದೆ ಹುಟ್ಟಿದ ಕೂಸುಗಳಿಗೂ ಆಪರೇಷನ್ನಿನಲ್ಲಿ ನೋವಿನ ಮದ್ದು ಕೊಟ್ಟರೆ ಅವು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ ಎಂದು 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿಕೊಟ್ಟಿದ್ದರು. ನಮ್ಮ ವಾರ್ಡಿಗೆ ಆ ಸುದ್ದಿ ಮುಟ್ಟಲು ಯಾವ ಕಂಡಕ್ಟರೂ ಸಿಕ್ಕಿರಲಿಲ್ಲ.

ಗುಮಾಸ್ತರ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. ಆಮೇಲೆ ಕಾನೂನು ಓದಿದ ಒಬ್ಬರು 1956ರ ಅಪ್ರಾಪ್ತರ ಪಾಲನೆಯ ಕಾಯಿದೆಯ ಆರನೇ ಕಲಮನ್ನು ತೋರಿಸಿದರು. ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಆದರೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು ಎಂದೂ ಅದೇ ಕಲಮಿನಲ್ಲಿದೆ. ಹೌಸ್ ಸರ್ಜನ್ ಬರೆದ ನಂಬಲರ್ಹ ತಾಯಿ ಅಲ್ಲೂ ಕೂತಿದ್ದಳು: ಎತ್ತಿ ಆಡಿಸುವುದಕ್ಕೆ ಅವಳು, ಸಹಿಗೆ ಅವನು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದ ರಿಸರ್ವ್ ಬ್ಯಾಂಕಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯಲ್ಲಿ ತೀರ್ಪು ಬಂತು. 'ನಂತರ' ಎಂದರೆ ತಂದೆ ಸತ್ತ ನಂತರ ಎಂದೇ ಅಲ್ಲ, ಅವನು ಮಗುವಿನ ಹೊಣೆಯಿಂದ ದೂರವಿದ್ದಾಗಲೂ ತಾಯಿಯೇ ಪಾಲಕಿ ಎಂದಿತು ಕೋರ್ಟು. ಬೊಂಬಾಯಿಯಲ್ಲಿದ್ದರೂ ಸಾಕಿತ್ತು ಎಂದಾಯಿತು. ಕಲಮಿನ ಅಕ್ಷರಗಳು ಮಾತ್ರ ಇವತ್ತಿಗೂ ಬದಲಾಗಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಾನು ಮೊಮ್ಮಗಳ ಆಪರೇಷನ್ ಕಾಗದಕ್ಕೆ ಬಿದ್ದ ಸೊಸೆಯ ಸಹಿಯನ್ನು ದೊಡ್ಡ ಗೆಲುವೆಂದು ಕಂಡೆ. ಅವಳು ಬ್ರಹ್ಮಾವರದ ಹುಡುಗಿ, ಬ್ಯಾಂಕಿನಲ್ಲಿ ಕೆಲಸ, ಗಟ್ಟಿಗಿತ್ತಿ. ಹೇಗಾಯಿತು ಎಂದು ಕೇಳಿದರೆ, "ಅತ್ತೆ, ರಕ್ತಸ್ರಾವ ಆಗಬಹುದು, ಮತ್ತೆ ಒಳಗೆ ಕರಕೊಂಡು ಹೋಗಬೇಕಾಗಬಹುದು, ಉಸಿರಿಗೆ ತೊಂದರೆ ಆಗಬಹುದು ಅಂತ ಪುಟ ತುಂಬ ಬರೆದಿತ್ತು. ಕೆಳಗೆ ನಾನೊಬ್ಬಳೇ ಸಹಿ ಹಾಕ್ಬೇಕಾಯ್ತು. ಇವರು ವಿಡಿಯೋದಲ್ಲಿ ಹಾಂ ಹಾಂ ಅಂತ ಇದ್ರು. ಕೈ ನಡುಗಿತು" ಎಂದಳು. ನಾನು ಕಳಕೊಂಡದ್ದು ಹಕ್ಕು ಎಂದೇ ಇಷ್ಟು ವರ್ಷ ಲೆಕ್ಕ ಹಾಕಿದ್ದೆ. ಆ ಕಾಗದದಲ್ಲಿ ಭಾರವೂ ಇತ್ತು. ಅದನ್ನು ಅಣ್ಣಯ್ಯ ಹೊತ್ತಿದ್ದ. ಅವನು ಅಂದು ಆನೆಗುಡ್ಡೆ ಗಣಪತಿಗೆ ಹರಕೆ ಹೇಳಿಕೊಂಡು, ಮಗು ಹೊರಗೆ ಬರುವವರೆಗೆ ನೀರು ಮುಟ್ಟಿರಲಿಲ್ಲ ಎಂದು ಅತ್ತಿಗೆ ಎಷ್ಟೋ ಕಾಲದ ಮೇಲೆ ಹೇಳಿದ್ದರು. ನನಗಾದರೂ ಬಾಗಿಲ ಹಿಂದೆ ಅರ್ಧ ಲೋಟ ಚಾ ಸಿಕ್ಕಿತ್ತು.

ಆದರೂ ಸಹಿ ಬೇಡ ಎನ್ನಲಾರೆ. ಭಾರವಾದರೂ ಹೊರುವವಳನ್ನು ಕೇಳಿ ಹೊರಿಸಲಿ.

ಗಂಡ ಬಂದದ್ದು ಮಳೆಗಾಲ ಹಿಡಿಯುವ ಮುಂಚೆ. ಗಾಯ ಒಣಗಿ ಗೆರೆಯಾಗಿತ್ತು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಡ್ಡಿ ಸರಿಸಿ ನೋಡಿದರು. "ಅಣ್ಣ ಇದ್ದದ್ದು ಒಳ್ಳೇದಾಯ್ತು" ಎಂದರು. "ನಾನೂ ಇದ್ದೆ" ಎಂದೆ. ಅವರಿಗೆ ಸಿಟ್ಟು ಬಂದಿತೋ ನಾಚಿಕೆಯಾಯಿತೋ, ಬೊಂಬಾಯಿಯಿಂದ ತಂದ ಹಲ್ವದ ಪೊಟ್ಟಣ ಬಿಚ್ಚಲು ಶುರುಮಾಡಿದರು.

ಜೂನಿನಲ್ಲಿ ಶಾಲೆ ತೆರೆಯಿತು. ನಮ್ಮಲ್ಲಿ ಅಂಕಪಟ್ಟಿಗೆ ಅಪ್ಪನ ಸಹಿಯೇ ಆಗಬೇಕೆಂಬ ರೂಢಿ. ಕಾರ್ಡಿನಲ್ಲಿ ಅಚ್ಚಾದದ್ದು 'ಪಾಲಕರ ಸಹಿ' ಎಂದು ಮಾತ್ರ. ಅಪ್ಪಂದಿರೆಲ್ಲ ಬೊಂಬಾಯಿ, ಬೆಂಗಳೂರು. ಕಾರ್ಡುಗಳು ತಿಂಗಳುಗಟ್ಟಲೆ ಮನೆಯಲ್ಲೇ ಉಳಿಯುತ್ತಿದ್ದವು, ಕೆಲವು ಹುಡುಗರು ತಾವೇ ಗೀಚಿ ತರುತ್ತಿದ್ದರು. ಆ ವರ್ಷದ ಮೊದಲ ಪರೀಕ್ಷೆಯ ಮೇಲೆ ಅಮ್ಮಂದಿರ ಸಹಿ ಹಾಕಿಸಿಕೊಂಡು ಬನ್ನಿ ಎಂದು ನಾನು ತರಗತಿಯಲ್ಲಿ ಹೇಳಿದೆ. ಹೆಡ್‌ಮಾಸ್ಟರು ಕರೆದು, ಇದೆಂತ ಹೊಸ ಕ್ರಮ, ನಾಳೆ ಯಾರಾದರೂ ತಕರಾರು ತೆಗೆದರೆ ಎಂದರು. ಪಾಲಕರು ಎಂದಿದೆಯಲ್ಲ ಸಾರ್ ಎಂದೆ. ಗೊಣಗಿಕೊಂಡು ಬಿಟ್ಟರು. ಕೆಲವರದ್ದು ಹೆಬ್ಬೆಟ್ಟು ಬಂತು. ಒಬ್ಬಾಕೆ ಮಗಳ ಸ್ಲೇಟಿನಲ್ಲಿ ನಾಲ್ಕು ದಿನ ತನ್ನ ಹೆಸರು ತಿದ್ದಿ, ಕಾರ್ಡಿನಲ್ಲಿ ಜಾಗ ಸಾಲದೆ ಕೊನೆಯ ಅಕ್ಷರವನ್ನು ಗೆರೆಯಾಚೆ ಬರೆದಿದ್ದಳು. ವಾರ ಕಳೆಯುವುದರೊಳಗೆ ಕಾರ್ಡುಗಳೆಲ್ಲ ವಾಪಸು ಬಂದಿದ್ದವು. ಮುಂದಿನ ಪರೀಕ್ಷೆಗೆ ಹೆಡ್‌ಮಾಸ್ಟರು ತಮ್ಮ ಏಳನೇ ತರಗತಿಯಲ್ಲೂ ಅದನ್ನೇ ಹೇಳಿದರು, ನನ್ನ ಹತ್ತಿರ ಏನೂ ಹೇಳಲಿಲ್ಲ.